ಕೈಯಾರೆ ಕಟ್ಟಿದ ಬಗ್ಗಿ: ಕಾಶಿಯ ವರ್ಕ್‌ಶಾಪಿನಿಂದ ಎರೆಮಣ್ಣಿನ ಓಟಕ್ಕೆ

ಬಾಗಿಲಿಲ್ಲ, ಗಾಜಿಲ್ಲ, ಮೇಲೆ ತಗಡಿನ ಹೊದಿಕೆಯೂ ಇಲ್ಲ. ಉಕ್ಕಿನ ಪೈಪುಗಳನ್ನು ಬಗ್ಗಿಸಿ ಬೆಸೆದ ಒಂದು ಪಂಜರ, ಅದರೊಳಗೆ ಒಂದೇ ಸೀಟು, ಚಾಲಕನ ಬೆನ್ನ ಹಿಂದೆ ಎಂಜಿನ್, ನಾಲ್ಕು ಮೂಲೆಗೆ ಉಬ್ಬುಹಲ್ಲಿನ ದಪ್ಪ ಟೈರು. ರಸ್ತೆ ಬಿಟ್ಟು ಮರಳು, ಕೆಸರು, ಕಲ್ಲುದಿಣ್ಣೆಗಳ ಮೇಲೆ ಓಡಲೆಂದೇ ಕಟ್ಟುವ ಈ ವಾಹನದ ಹೆಸರು ಬಗ್ಗಿ. ಈಗ ಕಾರ್ಖಾನೆಗಳೂ ಇದನ್ನು ತಯಾರಿಸುತ್ತವೆ. ಆದರೆ ಇದರ ಚರಿತ್ರೆಯ ಬಹುಪಾಲು ನಡೆದದ್ದು ಮನೆಯ ಗ್ಯಾರೇಜುಗಳಲ್ಲಿ, ಗುಜರಿ ಅಂಗಡಿಗಳ ಆಸರೆಯಲ್ಲಿ, ಕಾಲೇಜಿನ ವರ್ಕ್‌ಶಾಪುಗಳಲ್ಲಿ. ವಾರಾಣಸಿಯಲ್ಲಿ ಇಂಥ ಬಗ್ಗಿಯನ್ನು ಕಟ್ಟುವವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಐಐಟಿಯ ವಿದ್ಯಾರ್ಥಿಗಳು. ಅವರ ಕೈಗೆ ಈ ಕೆಲಸ ಬಂದು ಸೇರಿದ್ದು ಎರಡು ದಾರಿಗಳಿಂದ. ಒಂದು ದಾರಿ ಶುರುವಾಗುವುದು ನೂರು ವರ್ಷಕ್ಕೂ ಹಿಂದೆ ಕಾಶಿಯಲ್ಲೇ. ಇನ್ನೊಂದು ಅಮೆರಿಕದ ಪಶ್ಚಿಮ ಕರಾವಳಿಯ ಮರಳಿನಲ್ಲಿ.

ಕಾಶಿಯ ದಾರಿಯಲ್ಲಿ ಮೊದಲು ಸಿಗುವ ಹೆಸರು ಮೈಸೂರಿನದು. 1916ರಲ್ಲಿ ಮದನ ಮೋಹನ ಮಾಳವೀಯರು ಹಿಂದೂ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದಾಗ ಅದರ ಮೊದಲ ಕುಲಾಧಿಪತಿಯಾದವರು ನಾಲ್ವಡಿ ಕೃಷ್ಣರಾಜ ಒಡೆಯರು. 1919ರ ಜನವರಿ 19ರಂದು ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪ್ ಕಟ್ಟಡಗಳನ್ನು ತೆರೆದವರೂ ಅವರೇ. ಅದಕ್ಕೆ ಎರಡು ವರ್ಷ ಮೊದಲು, 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಬೆಂಗಳೂರಿನಲ್ಲೂ ಎಂಜಿನಿಯರಿಂಗ್ ಶಾಲೆ ತೆರೆದಿತ್ತು. ಯಂತ್ರವಿದ್ಯೆಯ ಬಗ್ಗೆ ಮೈಸೂರಿಗಿದ್ದ ಹಂಬಲವೂ ಕಾಶಿಗಿದ್ದ ಹಂಬಲವೂ ಒಂದೇ ಕಾಲದವು, ಒಂದೇ ಬಗೆಯವು. ಮಾಳವೀಯರು 1916ರಿಂದ 1918ರವರೆಗೆ ಭಾರತೀಯ ಕೈಗಾರಿಕಾ ಆಯೋಗದ ಸದಸ್ಯರಾಗಿದ್ದರು. ಆಯೋಗದ ವರದಿಗೆ ಅವರು ಪ್ರತ್ಯೇಕವಾಗಿ ಬರೆದು ಲಗತ್ತಿಸಿದ ಭಿನ್ನಮತದ ಟಿಪ್ಪಣಿ, ಈ ದೇಶದ ಕೈಗಾರಿಕೆ ಹೇಗೆ ಕುಸಿಯಿತು, ಅದನ್ನು ಎತ್ತಿ ನಿಲ್ಲಿಸಲು ಎಂಥ ಶಿಕ್ಷಣ ಬೇಕು ಎಂಬುದರ ದೀರ್ಘ ವಾದ. ಆ ವಾದದ ಕಾರ್ಯರೂಪವೇ ಬೆಂಕೋ ಎಂದು ಕರೆಸಿಕೊಂಡ ಬನಾರಸ್ ಎಂಜಿನಿಯರಿಂಗ್ ಕಾಲೇಜು.

ಬೆಂಕೋ ಶುರುವಾದ ಕ್ರಮವನ್ನು ಗಮನಿಸಬೇಕು. ಮೊದಲು ತೆರೆದದ್ದು ವರ್ಕ್‌ಶಾಪು. ಅಲ್ಲಿ ಮೊದಲು ಪ್ರಾರಂಭವಾದ ತರಗತಿ ಕುಶಲಕರ್ಮಿಗಳದು; 1919ರ ಫೆಬ್ರವರಿ 11ರಂದು ಅದು ಆರಂಭವಾಯಿತು. ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಪದವಿ ಕೊಡಲು ದೇಶದಲ್ಲಿ ಮೊದಲು ಮುಂದಾದ ಸಂಸ್ಥೆ ಎಂಬ ಹೆಸರು ಅದಕ್ಕೆ ಬಂದದ್ದು ಆ ಬಳಿಕ. ಇಂಗ್ಲೆಂಡಿನ ಚಾರ್ಲ್ಸ್ ಎ. ಕಿಂಗ್ ಮೊದಲ ಪ್ರಾಂಶುಪಾಲರು. ಬ್ರಿಟಿಷ್ ಸರ್ಕಾರ ನಡೆಸುತ್ತಿದ್ದ ರೂರ್ಕಿ, ಗಿಂಡಿಯಂಥ ಹಳೆಯ ಕಾಲೇಜುಗಳು ಕಾಲುವೆ, ಸೇತುವೆ, ರಸ್ತೆ ಕಟ್ಟುವ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರುಗಳನ್ನು ಒದಗಿಸಲು ಹುಟ್ಟಿದವು. ಬನಾರಸ್ಸಿನ ಕಾಲೇಜು ಕಣ್ಣಿಟ್ಟದ್ದು ಯಂತ್ರದ ಮೇಲೆ, ಯಂತ್ರ ಮಾಡುವ ಕೈಯ ಮೇಲೆ. ಪದವಿಯ ಹುಡುಗನೂ ಅರ ಹಿಡಿದು ಲೋಹ ಉಜ್ಜಬೇಕು, ಕುಲುಮೆಯ ಮುಂದೆ ನಿಲ್ಲಬೇಕು, ಮರದ ಅಚ್ಚು ಕೆತ್ತಬೇಕು ಎಂಬ ಪದ್ಧತಿ ಮುಂದೆ ದೇಶದ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ಪಾಠವಾಯಿತು. ಎಷ್ಟೋ ಕಡೆ ಅದು ಬರೀ ಹಾಜರಿಯ ವಿಷಯವಾಗಿ ಸೊರಗಿದೆ ಎಂಬುದು ನಿಜ. ಆದರೂ ಬಗ್ಗಿ ಕಟ್ಟುವ ಕೆಲಸಕ್ಕೆ ಬೇಕಾದ ಬೆಂಚು, ವೈಸು, ಲೇತು, ವೆಲ್ಡಿಂಗ್ ಸೆಟ್ಟು ಸಿಕ್ಕದ್ದು ಆ ಪದ್ಧತಿಯಿಂದಲೇ.

1968ರಲ್ಲಿ ಬೆಂಕೋ, ಗಣಿ ಮತ್ತು ಲೋಹಶಾಸ್ತ್ರದ ಕಾಲೇಜು, ತಂತ್ರಜ್ಞಾನ ಕಾಲೇಜು ಈ ಮೂರೂ ಸೇರಿ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆಯಿತು. 2012ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ಅದನ್ನು ಐಐಟಿ ಮಾಡಿತು. ಈ ನಡುವೆ ನಗರದ ಕೈಕೆಲಸಕ್ಕೆ ಇನ್ನೊಂದು ದೊಡ್ಡ ಶಾಲೆ ಬಂದಿತ್ತು. 1956ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಡೀಸೆಲ್ ಲೋಕೋಮೋಟಿವ್ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಅಮೆರಿಕದ ಆಲ್ಕೋ ಕಂಪನಿಯ ಸಹಯೋಗದಲ್ಲಿ 1964ರ ಜನವರಿಯಲ್ಲಿ ಅಲ್ಲಿಂದ ಮೊದಲ ರೈಲು ಎಂಜಿನ್ ಹೊರಬಂತು. ಇಂದು ಅದರ ಹೆಸರು ಬನಾರಸ್ ಲೋಕೋಮೋಟಿವ್ ವರ್ಕ್ಸ್. ರೇಷ್ಮೆ ನೇಯ್ಗೆಗೂ ಹಿತ್ತಾಳೆ ಕೆಲಸಕ್ಕೂ ಹೆಸರಾದ ಊರಿನಲ್ಲಿ ದಪ್ಪ ಉಕ್ಕಿನ ಬೆಸುಗೆ, ನಿಖರ ಅಳತೆಯ ಕಡೆತ ತಿಳಿದ ಕುಟುಂಬಗಳು ಬೆಳೆದದ್ದು ಈ ಕಾರ್ಖಾನೆಯ ಸುತ್ತ.

ಇನ್ನು ಮರಳಿನ ದಾರಿ. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಕಾರುಗಳ ಮೈ ಕಿತ್ತೊಗೆದು, ಬರೀ ಅಡಿಚೌಕಟ್ಟು ಮತ್ತು ಎಂಜಿನ್ ಉಳಿಸಿಕೊಂಡು ಸಮುದ್ರತೀರದ ದಿಬ್ಬಗಳ ಮೇಲೆ ಓಡಿಸುತ್ತಿದ್ದರು. ಅವರಿಗೆ ಒಲಿದ ಕಾರು ಜರ್ಮನಿಯ ಫೋಕ್ಸ್‌ವಾಗನ್ ಬೀಟಲ್. ಕಾರಣ ಸರಳ. ಎಂಜಿನ್ ಹಿಂದಿತ್ತು, ಆದ್ದರಿಂದ ಭಾರವೆಲ್ಲ ತಿರುಗುವ ಚಕ್ರಗಳ ಮೇಲೆ ಬಿದ್ದು ಮರಳಿನಲ್ಲೂ ಹಿಡಿತ ಸಿಗುತ್ತಿತ್ತು. ಗಾಳಿಯಿಂದಲೇ ತಣಿಯುತ್ತಿದ್ದುದರಿಂದ ರೇಡಿಯೇಟರು ಒಡೆಯುವ, ನೀರು ಕುದಿಯುವ ಭಯವಿರಲಿಲ್ಲ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಒಂದೇ ಗಂಟಾಗಿ ಬಿಚ್ಚಿಕೊಳ್ಳುತ್ತಿದ್ದವು. ಈ ಮೂರನೆಯ ಗುಣ ಮುಂದಿನ ಕಥೆಗೆಲ್ಲ ಮುಖ್ಯ. ಬೇರೆ ಬೇರೆ ದೇಶಗಳಲ್ಲಿ ಗ್ಯಾರೇಜಿನ ಬಗ್ಗಿ ಹುಟ್ಟಿದ್ದು, ಅಲ್ಲಿನ ಅಗ್ಗದ ಜನಪ್ರಿಯ ವಾಹನವೊಂದರಿಂದ ಹೀಗೆ ಇಡಿಯಾಗಿ ಕಿತ್ತು ತರಬಹುದಾದ ಒಂದು ಗಂಟು ಸಿಕ್ಕಾಗಲೇ.

ದೋಣಿ ಕಟ್ಟುವ ಕಸುಬಿನಲ್ಲಿ ಪಳಗಿದ್ದ ಬ್ರೂಸ್ ಮೇಯರ್ಸ್ ಎಂಬವರು 1964ರಲ್ಲಿ ನ್ಯೂಪೋರ್ಟ್ ಬೀಚಿನ ತಮ್ಮ ಗ್ಯಾರೇಜಿನಲ್ಲಿ ಫೈಬರ್‌ಗ್ಲಾಸಿನ ಮೈಕಟ್ಟು ಎರಕ ಹೊಯ್ದು ಅದಕ್ಕೆ ಬೀಟಲ್‌ನ ಭಾಗಗಳನ್ನು ಜೋಡಿಸಿದರು. ಮೇಯರ್ಸ್ ಮ್ಯಾಂಕ್ಸ್ ಎಂದು ಪ್ರಸಿದ್ಧವಾದ ಬಗ್ಗಿ ಅದು. ಮೊದಲ ಕೆಲವನ್ನು ಬಿಟ್ಟರೆ ಮಿಕ್ಕವು ಬಿಡಿಭಾಗಗಳ ಕಿಟ್ಟಾಗಿ ಮಾರಾಟವಾದವು: ಬೀಟಲ್‌ನ ಅಡಿತಟ್ಟೆಯನ್ನು ಸುಮಾರು 36 ಸೆಂ.ಮೀ. ಕತ್ತರಿಸಿ ಮತ್ತೆ ಬೆಸೆದರೆ, ಫೈಬರ್ ಮೈಕಟ್ಟು ಅದರ ಮೇಲೆ ಕೂರುತ್ತಿತ್ತು. ಕೊಂಡವನು ತನ್ನ ಮನೆಯಲ್ಲೇ ಈ ಕೆಲಸ ಮಾಡಿಕೊಳ್ಳಬಹುದಿತ್ತು. 1967ರ ಏಪ್ರಿಲ್‌ನಲ್ಲಿ ಮೇಯರ್ಸ್ ಮತ್ತು ಟೆಡ್ ಮ್ಯಾಂಗೆಲ್ಸ್ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪದಲ್ಲಿ ಲಾ ಪಾಸ್‌ನಿಂದ ಟಿಹುವಾನಾವರೆಗೆ 34 ಗಂಟೆ 45 ನಿಮಿಷಗಳಲ್ಲಿ ಓಡಿಸಿ, ಮೋಟಾರ್‌ಸೈಕಲ್ ಸವಾರರು 1962ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಐದು ಗಂಟೆಗೂ ಹೆಚ್ಚು ಅಂತರದಿಂದ ಮುರಿದರು. ಅದೇ ವರ್ಷದ ಕೊನೆಯಲ್ಲಿ ಆ ಮರುಭೂಮಿಯಲ್ಲಿ ಮೊದಲ ಮೆಕ್ಸಿಕನ್ 1000 ಪಂದ್ಯ ನಡೆಯಿತು. ಗೆದ್ದದ್ದು ಮ್ಯಾಂಕ್ಸ್ ಬಗ್ಗಿಯೇ. ಓಡಿಸಿದವರು ವಿಕ್ ವಿಲ್ಸನ್ ಮತ್ತು ಅದೇ ಮ್ಯಾಂಗೆಲ್ಸ್. ನಂತರ ಬಾಹಾ 1000 ಎಂದಾದ ಈ ಪಂದ್ಯದಿಂದ ಬಾಹಾ ಎಂಬ ಪ್ರದೇಶದ ಹೆಸರು ಒಂದು ಬಗೆಯ ವಾಹನಕ್ಕೇ ಅಂಟಿತು. ಮೇಯರ್ಸ್‌ಗೆ ಇದರಿಂದ ಹಣ ಉಳಿಯಲಿಲ್ಲ. ಅವರ ವಿನ್ಯಾಸವನ್ನು ನಕಲು ಮಾಡಿದವರ ವಿರುದ್ಧ ಹೂಡಿದ ಪೇಟೆಂಟ್ ಮೊಕದ್ದಮೆ ಸೋತಿತು. ನಕಲುಗಳು ಜಗತ್ತಿನಾದ್ಯಂತ ಹರಡಿದವು. ಕಟ್ಟಿದವನಿಗೆ ಅದು ಅನ್ಯಾಯವೇ. ಆದರೂ ಯಾರು ಬೇಕಾದರೂ ಬಗ್ಗಿ ಕಟ್ಟಬಹುದು ಎಂಬ ಧೈರ್ಯ ಜನಕ್ಕೆ ಬಂದದ್ದು ಆ ನಕಲುಗಳಿಂದ.

ಸ್ಪರ್ಧೆ ಬಿರುಸಾದಂತೆ ಫೈಬರ್ ಮೈಕಟ್ಟು ಹೋಗಿ ಬರೀ ಪೈಪಿನ ಪಂಜರ ಉಳಿಯಿತು. ಪಲ್ಟಿಯಾದಾಗ ಚಾಲಕನನ್ನು ಉಳಿಸುವುದು ಅದೇ. 1976ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಜೆ. ಎಫ್. ಸ್ಟೀವನ್ಸ್ ಎಂಬ ಅಧ್ಯಾಪಕರ ಮುಂದಾಳ್ತನದಲ್ಲಿ ಈ ಪೈಪಿನ ಬಗ್ಗಿ ವಿದ್ಯಾರ್ಥಿಗಳ ಸ್ಪರ್ಧೆಯಾಗಿ ತರಗತಿಯೊಳಗೆ ಬಂತು. ಎಲ್ಲ ತಂಡಗಳಿಗೂ ಒಂದೇ ಸಣ್ಣ ಎಂಜಿನ್, ಅದನ್ನು ತಿದ್ದುವಂತಿಲ್ಲ, ಮಿಕ್ಕಿದ್ದನ್ನೆಲ್ಲ ವಿದ್ಯಾರ್ಥಿಗಳೇ ರೂಪಿಸಬೇಕು ಎಂಬ ನಿಯಮ ಅಲ್ಲಿಂದ ಬಂದದ್ದು. ಹುಲ್ಲು ಕತ್ತರಿಸುವ ಯಂತ್ರಗಳಿಗೆ, ಜನರೇಟರುಗಳಿಗೆ ಎಂಜಿನ್ ಮಾಡುವ ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್ ಕಂಪನಿಯ 10 ಅಶ್ವಶಕ್ತಿಯ ಒಂಟಿ ಸಿಲಿಂಡರು ಬಹುಕಾಲ ಈ ಸ್ಪರ್ಧೆಯ ಹೃದಯವಾಗಿತ್ತು. ಹಣವಂತರ ತಂಡ ದೊಡ್ಡ ಎಂಜಿನ್ ತಂದು ಗೆಲ್ಲುವ ದಾರಿ ಹೀಗೆ ಮುಚ್ಚಿತು.

ಭಾರತದಲ್ಲಿ ಗ್ಯಾರೇಜಿನ ಬಗ್ಗಿ ತಡವಾಗಿ ಬಂತು. ಇಲ್ಲಿ ಬೀಟಲ್ ಬೀದಿ ಬೀದಿಗೆ ಸಿಗುವ ಕಾರಾಗಿರಲಿಲ್ಲ. ಇದ್ದ ಅಂಬಾಸಡರ್, ಫಿಯಟ್ ಕಾರುಗಳಿಗೆ ಎಂಜಿನ್ ಮುಂದೆ, ತಿರುಗುವ ಚಕ್ರ ಹಿಂದೆ, ನಡುವೆ ಉದ್ದನೆಯ ಶಾಫ್ಟು. ಗಂಟಾಗಿ ಕಿತ್ತು ತರಲು ಅವು ಒಗ್ಗುತ್ತಿರಲಿಲ್ಲ. ಕಚ್ಚಾದಾರಿಯ ಆಸೆಯನ್ನು ಬಹುಕಾಲ ತೀರಿಸಿದ್ದು ಜೀಪು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಜೋಡಿಸಲು ಶುರುಮಾಡಿದ ವಿಲ್ಲಿಸ್ ಜೀಪು ಮಲೆನಾಡಿನ, ಕೊಡಗಿನ ಕಾಫಿ ತೋಟಗಳಲ್ಲಿ ಮನೆಯ ಸದಸ್ಯನಂತೆ ಉಳಿದುಕೊಂಡಿತು. ಮೋಟಾರು ಪಂದ್ಯಗಳಿಗಾಗಿ ಮನೆಯಲ್ಲಿ ವಾಹನ ಕಟ್ಟುತ್ತಿದ್ದವರು ಬಹುತೇಕ ದಕ್ಷಿಣದವರು. ಮದರಾಸಿನ ಬಳಿ ಯುದ್ಧಕಾಲದ ವಿಮಾನಪಟ್ಟಿಯಾಗಿದ್ದ ಷೋಲಾವರಂನಲ್ಲಿ 1950ರ ದಶಕದಿಂದ ಪಂದ್ಯಗಳು ನಡೆದವು. ಪ್ರತ್ಯೇಕ ಅಡಿಚೌಕಟ್ಟಿದ್ದ ಸ್ಟಾಂಡರ್ಡ್ ಹೆರಾಲ್ಡ್‌ನಂಥ ಕಾರುಗಳ ಮೈ ಬಿಚ್ಚಿ ಹಗುರಾದ ಓಟದ ಕಾರು ಮಾಡಿಕೊಳ್ಳುವುದು ಅಲ್ಲಿ ಸಾಧ್ಯವಿತ್ತು.

ಪರಿಸ್ಥಿತಿ ಬದಲಿಸಿದ್ದು 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800. ಅದರ 796 ಸಿಸಿ ಎಂಜಿನ್ನೂ ಗೇರ್‌ಬಾಕ್ಸೂ ಮುಂದಿನ ಚಕ್ರಗಳನ್ನು ತಿರುಗಿಸುವ ಒಂದೇ ಗಂಟು. ಅದನ್ನು ಕಿತ್ತು ಚಾಲಕನ ಹಿಂದೆ ಕೂರಿಸಿದರೆ ಹಿಂಬದಿ ಎಂಜಿನ್ನಿನ ಓಟದ ವಾಹನ ಸಿದ್ಧ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಕಾರನ್ನು ಈ ಸೂತ್ರದ ಮೇಲೆಯೇ ಕಟ್ಟಿ, ಓಟದ ಕಾರು ಎಂದರೆ ಹೊರದೇಶದಿಂದ ಬರಬೇಕು ಎಂಬ ನಂಬಿಕೆಯನ್ನು ಸುಳ್ಳಾಗಿಸಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಇಂದು ಅವರ ಹೆಸರಿದೆ. ಡಾಂಬರಿನ ಮೇಲೆ ಅವರು ಮಾಡಿ ತೋರಿಸಿದ್ದನ್ನು ಮಣ್ಣಿನ ಮೇಲೆ ಮಾಡಲು ಬೇಕಾದ ಸ್ಟಿಯರಿಂಗ್ ರ‍್ಯಾಕು, ಹಬ್ಬು, ಸ್ಟಿಯರಿಂಗ್ ನಕಲ್, ಬ್ರೇಕಿನ ಮಾಸ್ಟರ್ ಸಿಲಿಂಡರು ಎಲ್ಲವೂ ಅದೇ ಮಾರುತಿಯಿಂದ ಸಿಗತೊಡಗಿದವು. ದೆಹಲಿಯ ಕಾಶ್ಮೀರಿ ಗೇಟ್, ಮಾಯಾಪುರಿ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಗಳಲ್ಲಿ ಹೊಸದೂ ಹಳೆಯದೂ ಧಾರಾಳವಾಗಿದ್ದವು.

ಹಾಗಿದ್ದೂ ಅಮೆರಿಕದಲ್ಲಿ ಆದಂತೆ ಇಲ್ಲಿ ಮನೆಮನೆಯ ಗ್ಯಾರೇಜಿನಲ್ಲಿ ಬಗ್ಗಿ ಬೆಳೆಯಲಿಲ್ಲ. ಗ್ಯಾರೇಜಿರುವ ಮನೆಗಳೇ ಕಡಿಮೆ ಎಂಬುದು ಒಂದು ಕಾರಣ. ಕಾನೂನು ಇನ್ನೊಂದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೂ ಬಿಗಿಯಾಗಿ ಎತ್ತಿಹಿಡಿಯಿತು. ಮಾದರಿ ಪರೀಕ್ಷೆ ಮುಗಿಸದ ವಾಹನಕ್ಕೆ ನೋಂದಣಿ ಸಿಗುವುದಿಲ್ಲ. ಉತ್ತರ ಭಾರತದ ಹಳ್ಳಿಗಳಲ್ಲಿ ನೀರೆತ್ತುವ ಡೀಸೆಲ್ ಪಂಪಿನ ಎಂಜಿನ್ನಿಗೆ ಮರದ ಹಲಗೆ, ಹಳೆಯ ಜೀಪಿನ ಗೇರ್‌ಬಾಕ್ಸು ಜೋಡಿಸಿ ಮಿಸ್ತ್ರಿಗಳು ಕಟ್ಟುವ ಜುಗಾಡ್ ಗಾಡಿ ಈ ದೇಶದ ನಿಜವಾದ ಮನೆಕಟ್ಟಿನ ವಾಹನ. ಅದು ರೈತನ ಹೊರೆ ಹೊತ್ತಿತು, ಮದುವೆ ದಿಬ್ಬಣ ಸಾಗಿಸಿತು. ಆದರೆ ಬ್ರೇಕೂ ದೀಪವೂ ಸರಿಯಿಲ್ಲದೆ ಅಪಘಾತಗಳಿಗೂ ಕಾರಣವಾಯಿತು. 2013ರಲ್ಲಿ ಸುಪ್ರೀಂ ಕೋರ್ಟು, ಜುಗಾಡ್ ಕೂಡ ಮೋಟಾರು ವಾಹನವೇ, ಕಾಯ್ದೆಗೆ ಒಳಪಡಬೇಕು ಎಂದಿತು. ಸಾರ್ವಜನಿಕ ರಸ್ತೆ ಹೀಗೆ ಮುಚ್ಚಿರುವಾಗ ಕೈಯಾರೆ ಕಟ್ಟಿದ ವಾಹನಕ್ಕೆ ಉಳಿಯುವುದು ಖಾಸಗಿ ನೆಲ, ಇಲ್ಲವೇ ಸ್ಪರ್ಧೆಯ ಕಣ.

ಕಾಶಿಯಲ್ಲಿ ಮರಳಿಗೇನೂ ಕೊರತೆಯಿಲ್ಲ. ಮಳೆಗಾಲದ ಪ್ರವಾಹ ಇಳಿದ ಮೇಲೆ ಘಾಟುಗಳ ಎದುರಿನ ದಂಡೆಯಲ್ಲಿ ಗಂಗೆ ವಿಶಾಲವಾದ ಮರಳು ಬಯಲನ್ನು ಬಿಟ್ಟುಹೋಗುತ್ತಾಳೆ. ಕ್ಯಾಲಿಫೋರ್ನಿಯಾದಲ್ಲಿ ಬಗ್ಗಿ ಹುಟ್ಟಿಸಿದ ಬಗೆಯ ನೆಲವೇ ಅದು. ಆದರೆ ರಾಮನಗರದಿಂದ ರಾಜಘಾಟ್‌ವರೆಗಿನ ಆ ಪಾತ್ರ 1989ರಿಂದ ಮೂರು ದಶಕ ಆಮೆಗಳ ಅಭಯಾರಣ್ಯವಾಗಿತ್ತು. ಬನಾರಸ್ಸಿನ ಬಗ್ಗಿ ಮರಳನ್ನು ನೋಡಿ ಹುಟ್ಟಲಿಲ್ಲ. ನಿಯಮಾವಳಿಯೊಂದನ್ನು ಓದಿ ಹುಟ್ಟಿತು.

ಆ ನಿಯಮಾವಳಿ, ಸೌತ್ ಕೆರೊಲಿನಾದಲ್ಲಿ ಶುರುವಾದ ಆ ವಿದ್ಯಾರ್ಥಿ ಸ್ಪರ್ಧೆಯ ಭಾರತೀಯ ರೂಪವಾದ ಬಾಹಾ ಎಸ್‌ಎಇ ಇಂಡಿಯಾದ್ದು. ಮಹೀಂದ್ರದ ಪವನ್ ಗೋಯೆಂಕಾ ಅವರ ಪ್ರೇರಣೆಯಿಂದ, ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಇಂಡಿಯಾ 2007ರಲ್ಲಿ ಇಂದೋರ್ ಸಮೀಪದ ಪೀಥಂಪುರದಲ್ಲಿ ಇದನ್ನು ಮೊದಲ ಬಾರಿ ನಡೆಸಿತು. ಕೇಂದ್ರ ಸರ್ಕಾರ ವಾಹನ ಪರೀಕ್ಷಾ ಕೇಂದ್ರಕ್ಕಾಗಿ ಗೊತ್ತುಮಾಡಿದ್ದ ಮಾಳವದ ಎರೆಮಣ್ಣಿನ ನೆಲ ಅದು. ಒಣಗಿದರೆ ಕಲ್ಲಿನಂತೆ ಗಡುಸು, ನೆನೆದರೆ ಚಕ್ರಕ್ಕೆ ಮೆತ್ತಿಕೊಂಡು ಬಿಡದ ಜಿಗುಟು. ದೇಶದ ನಾನಾ ಮೂಲೆಗಳ ಕಾಲೇಜುಗಳು ಅಲ್ಲಿಗೆ ತಾವೇ ಕಟ್ಟಿದ ಬಗ್ಗಿಗಳನ್ನು ಲಾರಿಗೇರಿಸಿ ತರತೊಡಗಿದವು. ಕರ್ನಾಟಕದಲ್ಲಿ ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲಗಳಲ್ಲಿ ತಂಡಗಳು ಬೆಳೆದವು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ 2003ರಷ್ಟು ಹಿಂದೆಯೇ ಹುಟ್ಟಿ, ಡಾಂಬರಿನ ಫಾರ್ಮುಲಾ ಕಾರುಗಳ ಕಡೆಗೆ ತಿರುಗಿಕೊಂಡಿತ್ತು. ವಾರಾಣಸಿಯ ಐಐಟಿಯಲ್ಲಿ ಬಗ್ಗಿಯ ಕೆಲಸ ಏವಿಯಾನ್ ರೇಸಿಂಗ್ ತಂಡದ್ದು. ಅದೇ ಆವರಣದ ಅವರೇರಾ ತಂಡ, ಅತಿ ಕಡಿಮೆ ಇಂಧನದಲ್ಲಿ ಅತಿ ದೂರ ಓಡುವ ವಾಹನ ಕಟ್ಟಿ ಶೆಲ್ ಇಕೋ-ಮ್ಯಾರಥಾನ್‌ನಲ್ಲಿ ಹೆಸರು ಮಾಡಿದೆ. ಒಂದು ತಂಡಕ್ಕೆ ಕೆಸರು, ಇನ್ನೊಂದಕ್ಕೆ ಮಿತವ್ಯಯ. ಎರಡಕ್ಕೂ ಕಲಿಕೆ ನಡೆಯುವುದು ಬೆಂಚಿನ ಮುಂದೆಯೇ.

ಬಗ್ಗಿ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ವಿವರವಾಗಿ ನೋಡಬೇಕು, ಏಕೆಂದರೆ ಕಳೆದ ಎರಡು ದಶಕಗಳ ಚರಿತ್ರೆ ಅಡಗಿರುವುದು ಆ ಕೆಲಸದಲ್ಲೇ. ಎಲ್ಲಕ್ಕೂ ಮೊದಲು ಪಂಜರ. ಚಾಲಕನ ಬೆನ್ನ ಹಿಂದೆ ಎದ್ದು ನಿಲ್ಲುವ ಕಮಾನು ಮೂಲಸ್ತಂಭ. ಅಲ್ಲಿಂದ ತಲೆಯ ಮೇಲೆ ಹಾದು ಕಾಲಿನವರೆಗೆ ಇಳಿಯುವ ಪೈಪುಗಳು, ಪಕ್ಕದ ಹೊಡೆತ ತಡೆಯುವ ಅಡ್ಡಪಟ್ಟಿಗಳು, ಮೂಗಿನ ತ್ರಿಕೋನಗಳು. ಆರಡಿಗಿಂತ ಎತ್ತರದ ಚಾಲಕ ಹೆಲ್ಮೆಟ್ ತೊಟ್ಟು ಕುಳಿತರೂ ತಲೆಗೂ ಪೈಪಿಗೂ ನಡುವೆ ಸುಮಾರು 15 ಸೆಂ.ಮೀ. ಖಾಲಿ ಜಾಗ ಉಳಿಯಬೇಕು. ಬೆಂಕಿ ಹತ್ತಿದರೆ ಅವನು ಐದು ಸೆಕೆಂಡಿನಲ್ಲಿ ಪಟ್ಟಿ ಬಿಚ್ಚಿ ಹೊರಬರಬೇಕು. ಇವನ್ನೆಲ್ಲ ಕಾಗದದಲ್ಲಿ ನೋಡಿ ತೃಪ್ತಿಪಡಲಾಗದು. ಆದ್ದರಿಂದ ಮೊದಲು ಪ್ಲಂಬಿಂಗಿನ ಪಿವಿಸಿ ಪೈಪುಗಳಿಂದ ಪೂರ್ಣ ಅಳತೆಯ ಪಂಜರ ಮಾಡಿ, ತಂಡದಲ್ಲಿ ಎಲ್ಲರಿಗಿಂತ ಎತ್ತರದವನನ್ನೂ ಗಿಡ್ಡನೆಯವನನ್ನೂ ಕೂರಿಸಿ ನೋಡುವ ರೂಢಿ ಬಂತು.

ಉಕ್ಕಿನ ಆಯ್ಕೆಯಲ್ಲಿ ತಂಡಗಳ ಬೆಳವಣಿಗೆ ಚೆನ್ನಾಗಿ ಕಾಣುತ್ತದೆ. ನಿಯಮ ಹೇಳುವ ಮೂಲ ಪೈಪು ಸುಮಾರು 25 ಮಿ.ಮೀ. ವ್ಯಾಸದ, 3 ಮಿ.ಮೀ. ದಪ್ಪದ ಕಾರ್ಬನ್ ಉಕ್ಕು. ಇಂಗಾಲ ಕನಿಷ್ಠ ಶೇ. 0.18 ಇರಬೇಕು. ಮೊದಮೊದಲು ಹೆಚ್ಚಿನವರು ಇದನ್ನೇ ಬಳಸಿದರು. ಒಂದು ಮೀಟರಿಗೆ ಅದರ ತೂಕ ಸುಮಾರು 1.65 ಕೆ.ಜಿ. ನಿಯಮದಲ್ಲಿ ಇನ್ನೊಂದು ಬಾಗಿಲೂ ಇತ್ತು: ಬಾಗುವಿಕೆಯಲ್ಲಿ ಮೂಲ ಪೈಪಿಗೆ ಸಮನಾದ ಗಡಸುತನವನ್ನೂ ಬಲವನ್ನೂ ಲೆಕ್ಕ ಹಾಕಿ ತೋರಿಸಿದರೆ ಬೇರೆ ಪೈಪು ಬಳಸಬಹುದು. ವ್ಯಾಸ ಹೆಚ್ಚಿಸಿ ದಪ್ಪ ಇಳಿಸಿದರೆ ಪೈಪು ಹಗುರಾಗಿಯೂ ಗಡುಸಾಗಿಯೂ ಇರುತ್ತದೆ ಎಂಬುದು ಎರಡನೇ ವರ್ಷದ ಪಾಠ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 4130 ಉಕ್ಕಿನ 31.75 ಮಿ.ಮೀ. ವ್ಯಾಸದ, 1.6 ಮಿ.ಮೀ. ದಪ್ಪದ ಪೈಪು ಮೀಟರಿಗೆ ಸುಮಾರು 1.2 ಕೆ.ಜಿ. ಮಾತ್ರ. ಪಂಜರಕ್ಕೆ 30 ಮೀಟರ್ ಪೈಪು ಹಿಡಿದರೆ ಸುಮಾರು 14 ಕೆ.ಜಿ. ಉಳಿತಾಯ. ಹತ್ತೇ ಅಶ್ವಶಕ್ತಿ ಇರುವಲ್ಲಿ ಅದು ಸಣ್ಣ ಮಾತಲ್ಲ. ಬದಲಿಗೆ ತೆರಬೇಕಾದ ಬೆಲೆ ಬೆಸುಗೆಯಲ್ಲಿ. 3 ಮಿ.ಮೀ. ದಪ್ಪವನ್ನು ಊರಿನ ಗ್ರಿಲ್ ಅಂಗಡಿಯ ಆರ್ಕ್ ವೆಲ್ಡಿಂಗೂ ತಡೆದುಕೊಳ್ಳುತ್ತದೆ; 1.6 ಮಿ.ಮೀ. ಪೈಪು ಒಂದು ಕ್ಷಣ ಕೈತಡೆದರೆ ತೂತಾಗುತ್ತದೆ. ಟಿಗ್ ವೆಲ್ಡಿಂಗ್ ಬಲ್ಲ ಕೈ ಬೇಕಾದದ್ದು ಆಗ. ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಕಮಾನಾಗಿ ಕೊರೆದು ಇನ್ನೊಂದು ಪೈಪಿಗೆ ಸಂದಿಲ್ಲದಂತೆ ಕೂರಿಸುವುದು, ಮೊದಲು ಚುಕ್ಕೆ ಬೆಸುಗೆ ಹಾಕಿ ಅಳತೆ ನೋಡುವುದು, ಬಿಸಿಗೆ ಪಂಜರ ಒಂದೇ ಕಡೆ ಎಳೆದುಕೊಳ್ಳದಂತೆ ಎದುರುಬದುರು ಕೀಲುಗಳನ್ನು ಸರದಿಯಲ್ಲಿ ಬೆಸೆಯುವುದು — ಇವನ್ನೆಲ್ಲ ವಿದ್ಯಾರ್ಥಿ ಕಲಿಯುವುದು ವರ್ಕ್‌ಶಾಪಿನ ಹಿರಿಯ ವೆಲ್ಡರ್ ಪಕ್ಕ ನಿಂತು. ಬೆಸುಗೆಯ ಮಾದರಿ ತುಂಡುಗಳನ್ನು ಮುರಿದು ಪರೀಕ್ಷಿಸಿ ತೋರಿಸಬೇಕು ಎಂಬ ನಿಯಮವೂ ಇದೆ. ಅಲ್ಲಿ ಬಿರುಕು ಬೆಸುಗೆಯಲ್ಲೇ ಬಿದ್ದರೆ ಆ ಕೈ ಇನ್ನೂ ಪಳಗಿಲ್ಲ ಎಂದರ್ಥ. 1919ರಲ್ಲಿ ಕುಶಲಕರ್ಮಿಗಳ ತರಗತಿಯನ್ನು ಮೊದಲು ತೆರೆದವರ ವಿವೇಕ ಇಂಥ ಕಡೆ ಫಲ ಕೊಡುತ್ತದೆ.

ಎಂಜಿನ್‌ಗೆ ಬಂದರೆ, ಭಾರತದ ಸ್ಪರ್ಧೆಯಲ್ಲಿ ಮೊದಲ ವರ್ಷಗಳಲ್ಲಿ ಇಟಲಿ ಮೂಲದ ಲೊಂಬಾರ್ಡಿನಿಯ 340 ಸಿಸಿ ಪೆಟ್ರೋಲ್ ಎಂಜಿನ್ ಇತ್ತು. ನಂತರ ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್‌ನ 305 ಸಿಸಿ. ಅದು ನಿಮಿಷಕ್ಕೆ 3,800 ಸುತ್ತು ಮೀರದಂತೆ ಗವರ್ನರ್ ಬಿಗಿದು ಮುದ್ರೆ ಹಾಕಲಾಗುತ್ತಿತ್ತು. ಎಲ್ಲರಿಗೂ ಒಂದೇ ಶಕ್ತಿ ಎಂದಾಗ ಗೆಲುವು ನಿಲ್ಲುವುದು ಆ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ರೀತಿಯ ಮೇಲೆ. ಇಲ್ಲಿ ಭಾರತದ ತಂಡಗಳು ತಮ್ಮದೇ ಬೀಟಲನ್ನು ಕಂಡುಕೊಂಡವು. ತರಕಾರಿ ಮೂಟೆ, ಗ್ಯಾಸ್ ಸಿಲಿಂಡರ್ ಹೊತ್ತು ಊರೂರು ತಿರುಗುವ ಮಹೀಂದ್ರ ಆಲ್ಫಾ ಮೂರುಚಕ್ರದ ಗಾಡಿಯ ಗೇರ್‌ಬಾಕ್ಸ್ ಅದು. ಡಿಫರೆನ್ಷಿಯಲ್ ಒಳಗೇ ಇದೆ, ಮುಂದಕ್ಕೆ ನಾಲ್ಕು ಗೇರು, ಹಿಂದಕ್ಕೆ ಒಂದು, ಬಿಡಿಭಾಗ ಎಲ್ಲೆಡೆ ಲಭ್ಯ. ಮೊದಲ ಗೇರಿನಲ್ಲಿ ಎಂಜಿನ್ 31.48 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು, ನಾಲ್ಕನೆಯದರಲ್ಲಿ 7.35ಕ್ಕೆ ಒಂದು. 23 ಇಂಚಿನ ಟೈರು ಹಾಕಿ ಲೆಕ್ಕ ಮಾಡಿದರೆ ಮೊದಲ ಗೇರಿನ ಗರಿಷ್ಠ ವೇಗ ಗಂಟೆಗೆ ಸುಮಾರು 13 ಕಿ.ಮೀ., ನಾಲ್ಕರದು 57 ಕಿ.ಮೀ. ಎಂಜಿನ್ನಿನ ಸುಮಾರು 19 ನ್ಯೂಟನ್-ಮೀಟರ್ ತಿರುಚುಬಲ ಮೊದಲ ಗೇರಿನಲ್ಲಿ ಘರ್ಷಣೆಯ ನಷ್ಟ ಕಳೆಯುವ ಮೊದಲು ಚಕ್ರದಲ್ಲಿ 600ರ ಆಸುಪಾಸಿಗೆ ಏರುತ್ತದೆ. ಕಡಿದಾದ ಗುಡ್ಡ ಹತ್ತಲು ಅಷ್ಟು ಬೇಕು. ಸಪಾಟು ನೆಲದಲ್ಲಿ ಅಷ್ಟು ವೇಗ ಸಾಕು. ಹೊರೆಗಾಡಿಯೊಂದರ ಗೇರ್‌ಬಾಕ್ಸು ಓಟದ ಬಗ್ಗಿಗೆ ಇಷ್ಟು ಹೊಂದಿಕೊಂಡದ್ದು ಈ ಕಸುಬಿನ ಅದೃಷ್ಟ.

ಅದರ ದೋಷ ತೂಕ ಮತ್ತು ಗೇರು ಬದಲಿಸುವಾಗ ಕಳೆದುಹೋಗುವ ಹೊತ್ತು. ಕೆಸರಿನ ತಿರುವಿನಲ್ಲಿ ಕ್ಲಚ್ ಒತ್ತಿದ ಅರೆಕ್ಷಣದಲ್ಲೇ ಬಗ್ಗಿ ನಿಂತುಬಿಡುತ್ತದೆ. ಅದಕ್ಕಾಗಿ ಮುಂದಿನ ವರ್ಷಗಳಲ್ಲಿ ತಂಡಗಳು ಸ್ಕೂಟರಿನಲ್ಲಿರುವಂಥ ಬೆಲ್ಟಿನ ಸಿವಿಟಿಗೆ ಹೊರಳಿದವು. ಸಿವಿಟಿ ಹೊರಗಿನಿಂದ ಬರಬೇಕು, ದುಬಾರಿ. ಅದರ ಹಿಂದೆ ಕೂರಿಸುವ ಎರಡು ಹಂತದ ಗೇರ್‌ಬಾಕ್ಸನ್ನು ಮಾತ್ರ ತಂಡಗಳು ತಾವೇ ರೂಪಿಸಿ, ಹಲ್ಲು ಕಡೆಸಿ, ಅಲ್ಯುಮಿನಿಯಂ ಕವಚ ಮಾಡಿಸಿಕೊಂಡವು. ಕಿತ್ತು ತಂದು ಜೋಡಿಸುವ ಹಂತದಿಂದ ಮೂಲದಿಂದಲೇ ರೂಪಿಸುವ ಹಂತಕ್ಕೆ ವಿದ್ಯಾರ್ಥಿಗಳು ದಾಟಿದ ಜಾಗ ಇದೇ.

ಸಸ್ಪೆನ್ಷನ್ ವಿಷಯದಲ್ಲೂ ಹೀಗೇ. ಮುಂದೆ ಎ ಆಕಾರದ ಜೋಡಿ ತೋಳುಗಳು, ಹಿಂದೆ ಉದ್ದಕ್ಕೆ ಚಾಚಿದ ಟ್ರೇಲಿಂಗ್ ಆರ್ಮ್. ಮೊದಲು ಬೈಕಿನ ಸ್ಪ್ರಿಂಗ್ ಶಾಕುಗಳನ್ನೇ ಹಾಕುತ್ತಿದ್ದರು. ನಂತರ ಗಾಳಿಯ ಒತ್ತಡದ ಹಗುರ ಶಾಕುಗಳು ಬಂದವು. ಬ್ರೇಕಿಗೆ ಬೈಕಿನ ಡಿಸ್ಕು, ಕ್ಯಾಲಿಪರು. ಬ್ರೇಕ್ ಒತ್ತಿದಾಗ ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಿ ನಿಲ್ಲಬೇಕು ಎಂಬ ಪರೀಕ್ಷೆಯಲ್ಲಿ ಎಷ್ಟೋ ತಂಡಗಳು ಎಡವುತ್ತವೆ. ಪೈಪಿನೊಳಗೆ ಒಂದು ಗುಳ್ಳೆ ಗಾಳಿ ಉಳಿದಿದ್ದರೂ ಒಂದು ಚಕ್ರ ಉರುಳುತ್ತಲೇ ಇರುತ್ತದೆ. ಅದನ್ನು ಸರಿಪಡಿಸುವ ವಿದ್ಯೆ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಸ್ಪರ್ಧೆ ಬರೀ ಓಟವಲ್ಲ. ವಿನ್ಯಾಸ ಏಕೆ ಹೀಗೆ ಎಂದು ಉದ್ಯಮದ ಎಂಜಿನಿಯರುಗಳ ಎದುರು ಸಮರ್ಥಿಸಬೇಕು, ಒಂದೊಂದು ನಟ್ಟಿನ ಬೆಲೆಯನ್ನೂ ಲೆಕ್ಕದಲ್ಲಿ ಕಾಣಿಸಬೇಕು, ಇದನ್ನು ತಯಾರಿಸಿ ಮಾರಬಹುದೆಂದು ಕಾಲ್ಪನಿಕ ಕಂಪನಿಯೊಂದನ್ನು ಒಪ್ಪಿಸಬೇಕು. ಆಮೇಲೆ ವೇಗ, ತಿರುವು, ಗುಡ್ಡ ಏರುವಿಕೆ, ಹಳ್ಳದಿಣ್ಣೆಗಳ ಪರೀಕ್ಷೆ. ಕೊನೆಗೆ ನಾಲ್ಕು ಗಂಟೆಗಳ ಸಹಿಷ್ಣುತೆಯ ಓಟ. ಒಂದು ವರ್ಷದ ಕೆಲಸದ ನಿಜ ಬಯಲಾಗುವುದು ಈ ನಾಲ್ಕು ಗಂಟೆಗಳಲ್ಲಿ. ಟೈ ರಾಡ್ ಬಾಗುತ್ತದೆ, ಎ-ಆರ್ಮಿನ ಬಾಲ್ ಜಾಯಿಂಟ್ ಕಳಚುತ್ತದೆ, ಡ್ರೈವ್ ಶಾಫ್ಟಿನ ರಬ್ಬರ್ ಹರಿದು ಕೀಲಿಗೆ ಮಣ್ಣು ಹೊಗುತ್ತದೆ. ಬಗ್ಗಿಯನ್ನು ಎಳೆದು ತಂದು, ಮುರಿದ ತೋಳನ್ನು ಬಿಚ್ಚಿ, ಬೆಸೆದು, ಮತ್ತೆ ಕಳಿಸುವಾಗ ತಂಡದಲ್ಲಿ ನಿಜವಾಗಿ ಸ್ಪಾನರ್ ಹಿಡಿಯಬಲ್ಲವರು ಯಾರು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಗೆದ್ದ ತಂಡಗಳಷ್ಟೇ, ಕೊನೆಯ ಬಾವುಟದವರೆಗೂ ಉರುಳುತ್ತಿದ್ದ ತಂಡಗಳೂ ಈ ಕಣದಲ್ಲಿ ಗೌರವ ಪಡೆಯುವುದು ನ್ಯಾಯವೇ.

ಈ ತಯಾರಿಯ ಋತು ಕಾಶಿಯಲ್ಲಿ ಹಬ್ಬದೊಂದಿಗೆ ಹೊಂದಿಕೊಳ್ಳುತ್ತದೆ. ಕರ್ನಾಟಕದಲ್ಲಿ ಆಯುಧಪೂಜೆಯಂದು ಯಂತ್ರಗಳಿಗೆ ಕುಂಕುಮ ಹಚ್ಚುವಂತೆ, ಪೂರ್ವ ಉತ್ತರಪ್ರದೇಶದ ವರ್ಕ್‌ಶಾಪುಗಳಲ್ಲಿ ಸೆಪ್ಟೆಂಬರ್ 17ರ ಸುಮಾರಿಗೆ ವಿಶ್ವಕರ್ಮ ಪೂಜೆ ನಡೆಯುತ್ತದೆ. ಪೀಥಂಪುರದ ಓಟ ಸಾಮಾನ್ಯವಾಗಿ ಚಳಿಗಾಲದ ಕೊನೆಯಲ್ಲಿರುವುದರಿಂದ, ಪೂಜೆಯ ಹೊತ್ತಿಗೆ ನಕ್ಷೆ ಮುಗಿದು ಪೈಪು ಕತ್ತರಿಸುವ ಕಾಲ.

2015ರಲ್ಲಿ ಸ್ಪರ್ಧೆಗೆ ವಿದ್ಯುತ್ ಬಗ್ಗಿಗಳ ವಿಭಾಗ ಸೇರಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಿಂದ ಇ-ರಿಕ್ಷಾಗಳಿಗೂ ಕಾನೂನಿನ ಮಾನ್ಯತೆ ಸಿಕ್ಕಿತು. ಬನಾರಸ್ಸಿನ ಗಲ್ಲಿಗಳ ತುಂಬ ಓಡುವ ಆ ಗಾಡಿಗಳು ನಿಯಮ ಬರುವ ಮೊದಲೇ ಸಣ್ಣ ಶೆಡ್ಡುಗಳಲ್ಲಿ ಚಾಸಿ ಬೆಸೆದು, ಬ್ಯಾಟರಿ, ಮೋಟಾರು ಜೋಡಿಸಿ ಬೀದಿಗೆ ಬಂದಂಥವು. ಜುಗಾಡಿಗೆ ಸಿಗದ ಮನ್ನಣೆ ಅವುಗಳಿಗೆ ಸಿಕ್ಕಿತು. ಬಗ್ಗಿಯ ವಿದ್ಯುತ್ ವಿಭಾಗಕ್ಕೆ ಬೇಕಾದ ಮೋಟಾರು, ಕಂಟ್ರೋಲರು, ಬ್ಯಾಟರಿಗಳ ಪರಿಚಯ ಈ ಪೇಟೆಯಿಂದಲೂ ಬೆಳೆಯಿತು. ಈಚಿನ ವರ್ಷಗಳಲ್ಲಿ ಹೈಡ್ರೋಜನ್ ಬೆರೆತ ನೈಸರ್ಗಿಕ ಅನಿಲದ್ದೂ ಚಾಲಕನಿಲ್ಲದೆ ಓಡುವುದೂ ಎಂದು ಇನ್ನೆರಡು ವಿಭಾಗಗಳು ತೆರೆದಿವೆ. ಪಂಜರದ ನಿಯಮ, ಬೆಸುಗೆಯ ನಿಯಮ, ನಾಲ್ಕು ಚಕ್ರ ಒಟ್ಟಿಗೆ ಕಚ್ಚಬೇಕೆಂಬ ನಿಯಮ ಇವುಗಳಿಗೆ ಅಡಿಪಾಯವಾಗಿ ಹಾಗೆಯೇ ಉಳಿದಿವೆ.

ಓಟ ಮುಗಿದ ಬಗ್ಗಿಗೆ ನೋಂದಣಿ ಇಲ್ಲ, ರಸ್ತೆಯೂ ಇಲ್ಲ. ಎಂಜಿನ್, ಚಕ್ರ, ಶಾಕುಗಳು, ಸ್ಟಿಯರಿಂಗು ಬಿಚ್ಚಿಕೊಂಡು ಮುಂದಿನ ವರ್ಷದ ವಾಹನಕ್ಕೆ ಹೋಗುತ್ತವೆ. ಎಲ್ಲಿ ಬಾಗಿತು, ಎಲ್ಲಿ ಬಿರುಕುಬಿಟ್ಟಿತು ಎಂದು ಪಂಜರವನ್ನು ಪರೀಕ್ಷಿಸಿ ಬರೆದಿಟ್ಟುಕೊಂಡು, ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಕೀಲು ಕೊರೆಯುವುದನ್ನೂ ಬೆಸೆಯುವುದನ್ನೂ ಕಲಿಸಲು ಹಳೆಯ ಪೈಪಿನ ತುಂಡುಗಳನ್ನು ಬಳಸಿಕೊಳ್ಳುತ್ತಾರೆ.